‘ಬಾಲೂ ತಮ್ಮ’: ದಪ್ಪಕ್ಷರದ ಲೀಲೆ ಮತ್ತು ಔಚಿತ್ಯ

೧

ಗ್ರಂಥವೊಂದನ್ನು ವಿಮರ್ಶಿಸುವಾಗ ಅದರ ವಸ್ತು, ಶೈಲಿ, ಛಂದಸ್ಸು, ಅಲಂಕಾರಗಳನ್ನು ಕುರಿತು ನಾವು ವಿಸ್ತಾರವಾಗಿ ಚರ್ಚಿಸುತ್ತೇವೆ. ಆ ಗ್ರಂಥವನ್ನು ನಮ್ಮ ಕಣ್ಣಿಗೆ ತಂದುಕೊಟ್ಟ ಅಕ್ಷರದ ರೂಪವನ್ನು ಕುರಿತು ಮಾತ್ರ ಬಹುಮಟ್ಟಿಗೆ ಮೌನವಾಗಿರುತ್ತೇವೆ. ಈ ಮೌನಕ್ಕೆ ಕಾರಣವಿಲ್ಲದೆ ಇಲ್ಲ. ಪಠ್ಯವನ್ನು ಮುದ್ರಿಸುವ ಅಕ್ಷರದ ಮೊದಲನೆಯ ಗುಣವೇ ತಾನು ಕಾಣಿಸಿಕೊಳ್ಳದಿರುವುದು. ಓದುಗನ ಗಮನ ಅರ್ಥದ ಕಡೆಗೆ ಹರಿಯುವಾಗ ಒಳ್ಳೆಯ ಅಕ್ಷರ ದಾರಿಬಿಟ್ಟು ನಿಲ್ಲುತ್ತದೆ.

ಆದರೆ ಎಲ್ಲ ಅಕ್ಷರಗಳೂ ಈ ವಿನಯವನ್ನು ಪಾಲಿಸುವುದಿಲ್ಲ. ಪುಸ್ತಕದ ಹೊದಿಕೆ, ನಾಟಕದ ಭಿತ್ತಿಪತ್ರ, ಅಂಗಡಿಯ ಹಲಗೆ, ಬಿಸ್ಕತ್ತಿನ ಪೊಟ್ಟಣ—ಇವುಗಳ ಮೇಲಿನ ಅಕ್ಷರ ಮೊದಲು ತನ್ನನ್ನು ತೋರಿಸಿಕೊಂಡು, ಅನಂತರ ಅರ್ಥವನ್ನು ತಿಳಿಸುತ್ತದೆ. ಇಂಥ ಅಕ್ಷರವನ್ನು ಪಠ್ಯಾಕ್ಷರದಿಂದ ಬೇರ್ಪಡಿಸಿ ‘ಶೀರ್ಷಿಕಾಕ್ಷರ’ ಎಂದು ಕರೆಯಬಹುದು. ಪಠ್ಯಾಕ್ಷರಕ್ಕೆ ಸ್ಪಷ್ಟತೆಯೊಂದೇ ಸಾಕು. ಶೀರ್ಷಿಕಾಕ್ಷರಕ್ಕೆ ಸ್ಪಷ್ಟತೆಯ ಜೊತೆಗೆ ಒಂದು ದನಿಯೂ ಬೇಕು. ದನಿಯಿರುವಲ್ಲಿ ಭಾವವಿರುತ್ತದೆ, ಭಾವವಿರುವಲ್ಲಿ ಉಚಿತಾನುಚಿತಗಳ ಪ್ರಶ್ನೆ ಏಳುತ್ತದೆ, ಆ ಪ್ರಶ್ನೆ ಎದ್ದಮೇಲೆ ವಿಷಯವು ವಿಮರ್ಶೆಯ ಎಲ್ಲೆಯೊಳಕ್ಕೆ ಬಂದಂತೆಯೇ ಸರಿ.

ಪ್ರಸ್ತುತ ಲೇಖನದಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ‘ಬಾಲೂ ತಮ್ಮ’ ಎಂಬ ಕನ್ನಡ ಶೀರ್ಷಿಕಾಕ್ಷರ. ಇದು ಗಣಕಯಂತ್ರಕ್ಕಾಗಿ ರಚಿತವಾದ ಫಾಂಟು. ಸೀಸದ ಮೊಳೆಯಾಗಿ ಎಂದೂ ಎರಕವಾದದ್ದಲ್ಲ. ತುಂಬ ದಪ್ಪ, ತುಂಬ ಮೃದು, ಸ್ವಭಾವದಲ್ಲಿ ವಿನೋದಶೀಲ. ಇಂಥ ಅಕ್ಷರ ಕನ್ನಡ ಲಿಪಿಯಲ್ಲಿ ಎದುರಿಸುವ ಸಮಸ್ಯೆಗಳು ಯಾವುವು, ಅದರ ಲೀಲೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ನೋಡುವುದು ನಮ್ಮ ಉದ್ದೇಶ.

೨

ದಪ್ಪಕ್ಷರದ ಇತಿಹಾಸ ಜಾಹೀರಾತಿನ ಇತಿಹಾಸದೊಡನೆ ಹೆಣೆದುಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಯೂರೋಪಿನ ಮುದ್ರಕರ ಬಳಿ ಇದ್ದುದು ಮುಖ್ಯವಾಗಿ ಪುಸ್ತಕದ ಅಕ್ಷರ. ಭಿತ್ತಿಪತ್ರಕ್ಕೆ ಬೇಕಾದಾಗ ಅದನ್ನೇ ದೊಡ್ಡದಾಗಿ ಎರಕ ಹೊಯ್ಯುತ್ತಿದ್ದರು. ಆ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ಎರಕಶಾಲೆಗಳು ದೂರದಿಂದಲೂ ಕಣ್ಸೆಳೆಯುವ ಸ್ಥೂಲಾಕ್ಷರಗಳನ್ನು ಹೊರತಂದುವು. ಲಾಟರಿ, ನಾಟಕ, ಹರಾಜುಗಳ ಪ್ರಕಟನೆಗಳು ಬೀದಿಯ ಗೋಡೆಗಳಲ್ಲಿ ಒಂದರೊಡನೊಂದು ಸ್ಪರ್ಧೆಗೆ ನಿಂತ ಕಾಲ ಅದು. ಸ್ಪರ್ಧೆಯಲ್ಲಿ ಅಕ್ಷರವೂ ಕೂಗಬೇಕಾಯಿತು.

ಕೂಗುವ ಅಕ್ಷರ ನಗುವ ಅಕ್ಷರವಾದುದರ ಪ್ರಸಿದ್ಧ ನಿದರ್ಶನ ಅಮೆರಿಕದ ‘ಕೂಪರ್ ಬ್ಲ್ಯಾಕ್’. ಇದರ ಕರ್ತೃ ಆಸ್ವಲ್ಡ್ ಬ್ರೂಸ್ ಕೂಪರ್ (೧೮೭೯–೧೯೪೦) ಶಿಕಾಗೋ ನಗರದ ಅಕ್ಷರಕಲಾವಿದ. ಜಾಹೀರಾತುಗಳಿಗೆ ಕೈಯಿಂದ ಅಕ್ಷರ ಬರೆದು ಹೆಸರಾದವನು. ಅಲ್ಲಿನ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಎರಕಶಾಲೆ ೧೯೨೨ರಲ್ಲಿ ಈ ಅಕ್ಷರವನ್ನು ಹೊರತಂದಿತು. ಇದರ ಗೀಟುಗಳ ತುದಿಗಳೆಲ್ಲ ದುಂಡಗೆ ಉಬ್ಬಿವೆ. ಅಕ್ಷರಗಳು ಕೆಳಗೆ ಚಪ್ಪಟೆಯಾಗಿ ಕೂರದೆ ಹಿಟ್ಟಿನ ಉಂಡೆಯಂತೆ ಕುಳಿತಿವೆ. ‘ಓ’ ಅಕ್ಷರದ ಒಳಗಿನ ಬಯಲು ತುಸು ಹಿಂದಕ್ಕೆ ವಾಲಿದೆ. ಕೆಳಕ್ಕೆ ಇಳಿಯುವ ಬಾಲಗಳು ಬಲು ಗಿಡ್ಡ. ದಪ್ಪವಾಗಿದ್ದರೂ ಅದು ಬೆದರಿಸುವುದಿಲ್ಲ. ದೂರದೃಷ್ಟಿಯ ಮುದ್ರಕರಿಗೂ ಹತ್ತಿರದೃಷ್ಟಿಯ ಗಿರಾಕಿಗಳಿಗೂ ತಕ್ಕ ಅಕ್ಷರವಿದು ಎಂಬ ಅರ್ಥದಲ್ಲಿ ಕೂಪರನೇ ವಿನೋದವಾಗಿ ನುಡಿದುದು ಪ್ರಸಿದ್ಧವಾಗಿದೆ.

ಈ ಅಕ್ಷರದ ಮುಂದಿನ ಚರಿತ್ರೆಯಲ್ಲಿ ನಮಗೆ ಉಪಯುಕ್ತವಾದ ಒಂದು ಪಾಠವಿದೆ. ಜಾಹೀರಾತಿಗಾಗಿ ಹುಟ್ಟಿದ ಅದು ಛಾಯಾಕ್ಷರಜೋಡಣೆಯೂ ಉಜ್ಜಿ ಅಂಟಿಸುವ ಅಕ್ಷರದ ಹಾಳೆಗಳೂ ಬಂದಮೇಲೆ, ಸೀಸದ ಭಾರ ಕಳೆದುಕೊಂಡು, ೧೯೬೦ರ ಅನಂತರ ಮತ್ತೊಮ್ಮೆ ಮೆರೆಯಿತು. ಬೀಚ್ ಬಾಯ್ಸ್ ಎಂಬ ಗಾಯಕವೃಂದದ ‘ಪೆಟ್ ಸೌಂಡ್ಸ್’ (೧೯೬೬) ಧ್ವನಿಮುದ್ರಿಕೆಯ ಹೊದಿಕೆ, ಬ್ರಿಟನ್ನಿನ ‘ಡ್ಯಾಡ್ಸ್ ಆರ್ಮಿ’ (೧೯೬೮) ದೂರದರ್ಶನ ಪ್ರಹಸನದ ಶೀರ್ಷಿಕೆ, ೧೯೯೫ರಲ್ಲಿ ಪ್ರಾರಂಭವಾದ ಈಸಿಜೆಟ್ ವಿಮಾನಸಂಸ್ಥೆಯ ಕಿತ್ತಳೆಬಣ್ಣದ ಲಾಂಛನ—ಇವೆಲ್ಲವೂ ಅದೇ ಅಕ್ಷರ. ಒಂದೆಡೆ ಯೌವನದ ಹಾಡು, ಒಂದೆಡೆ ಮುದುಕರ ಸೈನ್ಯದ ಹಾಸ್ಯ, ಮತ್ತೊಂದೆಡೆ ಅಗ್ಗದ ಪ್ರಯಾಣದ ಆಶ್ವಾಸನೆ. ಶೀರ್ಷಿಕಾಕ್ಷರದ ದನಿ ಅದರ ರೇಖೆಗಳಲ್ಲಿ ಅರ್ಧ ಮಾತ್ರ ಇರುತ್ತದೆ. ಉಳಿದರ್ಧವನ್ನು ಅದರ ಬಳಕೆ ತುಂಬುತ್ತದೆ. ಹೊಸ ಅಕ್ಷರವೊಂದು ನಮ್ಮ ನಡುವೆ ಬಂದಾಗ ಅದನ್ನು ಎಲ್ಲಿ ಬಳಸುತ್ತೇವೆಂಬುದರ ಹೊಣೆ ಆದ್ದರಿಂದಲೇ ದೊಡ್ಡದು.

೩

‘ಬಾಲೂ’ ಮುಂಬಯಿಯ ‘ಏಕ್ ಟೈಪ್’ ಎಂಬ ಅಕ್ಷರಶಿಲ್ಪಿಗಳ ಬಳಗದ ಕೃತಿ. ‘ಭಾಲೂ’ ಎಂದರೆ ಹಿಂದಿಯಲ್ಲಿ ಕರಡಿ. ಕಿಪ್ಲಿಂಗನ ‘ಜಂಗಲ್ ಬುಕ್’ ಓದಿದವರಿಗೆ ಬಾಲೂ ಕರಡಿಯ ಪರಿಚಯ ಹೇಗೂ ಇದೆ. ಹೆಸರಿಗೆ ತಕ್ಕಂತೆ ಅಕ್ಷರಕ್ಕೂ ಕರಡಿಯ ಮೈಕಟ್ಟು: ಭಾರಿಯಾದ ಒಡಲು, ಮೊಂಡಾದ ಪಾದ, ಕೊಂಚ ಕುಣಿತ. ಒಂದೇ ಕಲ್ಪನೆಯನ್ನು ದೇವನಾಗರಿ, ಗುಜರಾತಿ, ಗುರುಮುಖಿ, ಬಂಗಾಳಿ, ಒಡಿಯಾ, ಕನ್ನಡ, ತೆಲುಗು, ತಮಿಳು, ಮಲಯಾಳ ಎಂಬ ಒಂಬತ್ತು ಭಾರತೀಯ ಲಿಪಿಗಳಲ್ಲಿ, ಪ್ರತಿಯೊಂದಕ್ಕೂ ರೋಮನ್ ಅಕ್ಷರಗಳ ಜೊತೆಗೂಡಿಸಿ, ಬೆಳೆಸಲಾಗಿದೆ. ಉರ್ದುವಿಗೂ ಒಂದು ರೂಪವುಂಟು. ಮುಕ್ತ ಪರವಾನಗಿಯಡಿ ಪ್ರಕಟವಾಗಿರುವುದರಿಂದ ಯಾರು ಬೇಕಾದರೂ ಇದನ್ನು ಬೆಲೆಯಿಲ್ಲದೆ ಪಡೆಯಬಹುದು, ಬಳಸಬಹುದು, ಮಾರ್ಪಡಿಸಲೂಬಹುದು. ಮೊದಲು ಒಂದೇ ದಪ್ಪದಲ್ಲಿ ಬಂದ ಈ ಕುಟುಂಬ ಮುಂದೆ ‘ಬಾಲೂ ೨’ ಎಂಬ ಹೆಸರಿನಲ್ಲಿ ಸಾಧಾರಣದಿಂದ ಅತಿದಪ್ಪದವರೆಗೆ ಐದು ಮಟ್ಟಗಳಾಗಿ ವಿಸ್ತಾರಗೊಂಡಿತು.

ಈ ಕುಟುಂಬದ ನಾಮಕರಣ ಸ್ವಾರಸ್ಯವಾದುದು. ದೇವನಾಗರಿಯದು ಬರಿಯ ‘ಬಾಲೂ’. ಗುಜರಾತಿಯದು ‘ಭಾಯಿ’, ಪಂಜಾಬಿಯದು ‘ಪಾಜಿ’, ಬಂಗಾಳಿಯದು ‘ದಾ’, ಒಡಿಯಾದ್ದು ‘ಭಾಯಿನಾ’, ಉರ್ದುವಿನದು ‘ಭಾಯಿಜಾನ್’, ಮಲಯಾಳದ್ದು ‘ಚೇಟ್ಟನ್’, ತಮಿಳಿನದು ‘ತಂಬಿ’, ತೆಲುಗಿನದು ‘ತಮ್ಮುಡು’, ಕನ್ನಡದ್ದು ‘ತಮ್ಮ’. ಎಲ್ಲವೂ ಸೋದರವಾಚಕಗಳೇ. ಆದರೆ ಮಲಯಾಳದ ಚೇಟ್ಟನ್, ಬಂಗಾಳದ ದಾ ಅಣ್ಣಂದಿರು. ಕನ್ನಡ, ತೆಲುಗು, ತಮಿಳುಗಳಿಗೆ ದೊರೆತುದು ತಮ್ಮನ ಸ್ಥಾನ. ಇದರಲ್ಲಿ ಹಿರಿಮೆ ಕಿರಿಮೆಗಳ ಲೆಕ್ಕವನ್ನು ಹುಡುಕಬೇಕಾಗಿಲ್ಲ. ಆದರೂ ಹೆಸರು ಒಂದು ಸೂಚನೆಯನ್ನು ಕೊಡುತ್ತದೆ. ತಮ್ಮನನ್ನು ನಾವು ಏಕವಚನದಲ್ಲಿ ಕರೆಯುತ್ತೇವೆ. ಅವನ ಮಾತಿಗೂ ನಮ್ಮ ಮಾತಿಗೂ ನಡುವೆ ಸಲಿಗೆ ಇರುತ್ತದೆ. ಈ ಸಲಿಗೆಯೇ ಬಾಲೂ ತಮ್ಮನ ದನಿ. ಮುಂದೆ ಔಚಿತ್ಯವನ್ನು ವಿಚಾರಿಸುವಾಗ ಈ ಮಾತು ನಮಗೆ ಪ್ರಯೋಜನಕ್ಕೆ ಬರುತ್ತದೆ.

೪

ಅಕ್ಷರವೊಂದು ‘ವಿನೋದಶೀಲ’ವಾಗಿದೆ ಎಂದಾಗ ನಾವು ಹೇಳುವುದೇನು? ರೋಮನ್ ಲಿಪಿಯ ಮಟ್ಟಿಗೆ ಉತ್ತರ ಸುಲಭ. ಆ ಲಿಪಿಯ ದೊಡ್ಡಕ್ಷರಗಳು ಕಲ್ಲಿನಲ್ಲಿ ಕೆತ್ತಿದ ಶಾಸನಗಳಿಂದ ಬೆಳೆದವು. ನೇರ ಗೀಟು, ಚೂಪು ಕೋನ ಅವುಗಳ ಗಾಂಭೀರ್ಯದ ಗುರುತು. ಆ ಕೋನಗಳನ್ನು ಉಜ್ಜಿ ದುಂಡಗೆ ಮಾಡಿದೊಡನೆಯೇ ಗಾಂಭೀರ್ಯ ಕರಗಿ ಸ್ನೇಹ ಹುಟ್ಟುತ್ತದೆ. ಕೂಪರನ ಅಕ್ಷರದ ರಹಸ್ಯ ಮುಖ್ಯವಾಗಿ ಇದೇ.

ಕನ್ನಡಕ್ಕೆ ಈ ಸೂತ್ರ ಅನ್ವಯಿಸುವುದಿಲ್ಲ. ನಮ್ಮ ಲಿಪಿ ದುಂಡಗಿರುವುದು ಅದರ ಹುಟ್ಟುಗುಣ. ಕಂಠದಿಂದ ಓಲೆಗರಿಯ ಮೇಲೆ ಬರೆಯುವಾಗ ನೇರವಾದ ಗೀಟು ಗರಿಯ ಎಳೆಯನ್ನು ಸೀಳುವ ಭಯವಿದ್ದುದರಿಂದ ದಕ್ಷಿಣದ ಲಿಪಿಗಳು ಬಳುಕಿದವೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಕಾರಣ ಏನೇ ಇರಲಿ, ಕನ್ನಡಿಗನ ಕಣ್ಣಿಗೆ ದುಂಡಗಿನ ಅಕ್ಷರ ಹಾಸ್ಯದ್ದಲ್ಲ, ಅದೇ ಸಹಜವಾದುದು. ಶಾಸ್ತ್ರಗ್ರಂಥವೂ ದುಂಡಗೇ ಇರುತ್ತದೆ, ಮಕ್ಕಳ ಪದ್ಯವೂ ದುಂಡಗೇ ಇರುತ್ತದೆ. ಹೀಗಿರುವಾಗ ರೋಮನ್ ಅಕ್ಷರದಲ್ಲಿ ದುಂಡುತನದಿಂದ ಬಂದ ವಿನೋದವನ್ನು ಕನ್ನಡದಲ್ಲಿ ಎಲ್ಲಿಂದ ತರುವುದು? ಹಲವು ಲಿಪಿಗಳಿಗೆ ಒಂದೇ ಸ್ವಭಾವವನ್ನು ಕೊಡಹೊರಟ ಶಿಲ್ಪಿ ಎದುರಿಸಬೇಕಾದ ನಿಜವಾದ ಪ್ರಶ್ನೆ ಇದು.

ಬಾಲೂ ತಮ್ಮ ಇದಕ್ಕೆ ಎರಡು ಮಾರ್ಗಗಳಿಂದ ಉತ್ತರ ಕೊಡುತ್ತದೆ. ಮೊದಲನೆಯದು, ಗೀಟಿನ ಏರಿಳಿತವನ್ನು ಬಿಟ್ಟುಕೊಟ್ಟಿರುವುದು. ನಮ್ಮ ಬಹುಪಾಲು ಪಠ್ಯಾಕ್ಷರಗಳಲ್ಲಿ ಗೀಟು ಒಂದು ಕಡೆ ತುಂಬಿ, ಇನ್ನೊಂದು ಕಡೆ ಸೊರಗಿ, ಲೇಖನಿಯ ನಡೆಯನ್ನು ನೆನಪಿಗೆ ತರುತ್ತದೆ. ಇಲ್ಲಿ ಆ ಭೇದ ಅಳಿಸಿಹೋದಷ್ಟು ಕಡಿಮೆಯಾಗಿದೆ. ಲೇಖನಿಯಿಂದ ಬರೆದುದಕ್ಕಿಂತ ಹೆಚ್ಚಾಗಿ ಜೇಡಿಮಣ್ಣಿನಿಂದ ಹೊಸೆದು ಇಟ್ಟಂತೆ ಅಕ್ಷರ ಕಾಣುತ್ತದೆ. ಲೇಖನಿಯ ಶಿಸ್ತು ಹೋದಲ್ಲಿ ಆಟ ಬಂದಿತು. ಎರಡನೆಯದು, ಅಂಗಾಂಗಗಳ ಪ್ರಮಾಣ. ಒಡಲು ದೊಡ್ಡದು, ಒಳಬಯಲು ಕಿರಿದು, ತಲೆಕಟ್ಟು ಮೊಟಕು. ಎಳೆಯ ಮಗುವಿನ ಶರೀರದಲ್ಲಿ ತಲೆ ದೊಡ್ಡದಾಗಿ ಕೈಕಾಲು ಗಿಡ್ಡವಾಗಿರುವಂತೆ ಇಲ್ಲಿನ ಅನುಪಾತವೂ ಶೈಶವದ್ದು. ಕನ್ನಡದಲ್ಲಿ ವಿನೋದ ದುಂಡುತನದಿಂದ ಹುಟ್ಟದೆ ಸ್ಥೌಲ್ಯದಿಂದಲೂ ಪ್ರಮಾಣದಿಂದಲೂ ಹುಟ್ಟಿದೆ. ಇದನ್ನು ಕಂಡುಕೊಂಡುದು ಈ ಕೃತಿಯ ಮುಖ್ಯವಾದ ಸಿದ್ಧಿ ಎಂದು ಹೇಳಬಹುದು.

ಕನ್ನಡ, ತೆಲುಗುಗಳ ಹತ್ತಿರದ ನಂಟೂ ಇಲ್ಲಿ ಗಮನಾರ್ಹ. ಒಂದೇ ಮೂಲದಿಂದ ಕವಲೊಡೆದ ಈ ಎರಡು ಲಿಪಿಗಳನ್ನು ಬೇರ್ಪಡಿಸುವ ಮುಖ್ಯ ಚಿಹ್ನೆಗಳಲ್ಲಿ ತಲೆಕಟ್ಟು ಒಂದು. ತೆಲುಗಿನದು ಮೇಲಕ್ಕೆ ಚಿಮ್ಮಿದ ಗುರುತು. ಕನ್ನಡದ್ದು ಅಡ್ಡಲಾಗಿ ಮಲಗಿ ಕೊನೆಯಲ್ಲಿ ಬಾಗಿದ ಗೀಟು. ದಪ್ಪ ಹೆಚ್ಚಿ ತಲೆಕಟ್ಟು ಬರಿಯ ಗಂಟಾಗಿಬಿಟ್ಟರೆ ತಮ್ಮನಿಗೂ ತಮ್ಮುಡುವಿಗೂ ವ್ಯತ್ಯಾಸ ಉಳಿಯದು. ಮೊಟಕಾಗಿಸಿದರೂ ಅದರ ಅಡ್ಡನಡೆಯನ್ನು ಉಳಿಸಿಕೊಳ್ಳುವುದು ಇಂಥ ಅಕ್ಷರಕ್ಕೆ ಅತ್ಯಗತ್ಯ.

೫

ಇನ್ನು ದಪ್ಪದ ಸಮಸ್ಯೆಗೆ ಬರೋಣ. ಅಕ್ಷರವನ್ನು ದಪ್ಪ ಮಾಡುವುದೆಂದರೆ ಕಪ್ಪನ್ನು ಹೆಚ್ಚಿಸುವುದು ಎಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಅದು ಉಳಿದ ಬಿಳುಪನ್ನು ಹಂಚುವ ಕೆಲಸ. ಅಕ್ಷರದ ಹೊರಮೈ ಬೆಳೆಯುವುದಕ್ಕೆ ಮಿತಿಯಿದೆ. ಗೀಟು ಒಳಕ್ಕೂ ಬೆಳೆಯುತ್ತದೆ. ಒಳಬಯಲು ಮುಚ್ಚಿಹೋದ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ.

ರೋಮನ್ ಲಿಪಿಗೆ ಇಲ್ಲಿ ಎರಡು ಅನುಕೂಲಗಳುಂಟು. ಅದರ ದೊಡ್ಡಕ್ಷರಗಳು ಒಂದೇ ಎತ್ತರದ ಒಂದೇ ಅಂತಸ್ತಿನಲ್ಲಿ ನಿಲ್ಲುತ್ತವೆ. ಸಣ್ಣಕ್ಷರಗಳ ಬಾಲಗಳನ್ನು ಕೂಪರನು ಮಾಡಿದಂತೆ ಮೊಟಕು ಮಾಡಿದರೂ ಅರ್ಥಕ್ಕೆ ಹಾನಿಯಿಲ್ಲ. ಕನ್ನಡಕ್ಕೆ ಈ ಅನುಕೂಲಗಳಿಲ್ಲ. ನಮ್ಮ ಬರಹ ಮೂರು ಅಂತಸ್ತಿನದು. ಮೇಲೆ ತಲೆಕಟ್ಟು, ಗುಡಿಸು, ಎತ್ವ, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಬಲಕ್ಕೆ ಕೊಂಬು, ದೀರ್ಘ, ಅರ್ಕಾವತ್ತು. ‘ರಾಷ್ಟ್ರ’, ‘ಸ್ತ್ರೀ’, ‘ಸ್ವಾತಂತ್ರ್ಯ’ ಮುಂತಾದ ಶಬ್ದಗಳಲ್ಲಿ ಒಂದು ಒಡಲಿನ ಕೆಳಗೆ ಎರಡು ಒತ್ತುಗಳು ಬಂದು ಸೇರುತ್ತವೆ. ಈ ಒತ್ತು ಬಾಲವಲ್ಲ, ಅಲಂಕಾರವೂ ಅಲ್ಲ. ಅದೊಂದು ಪೂರ್ಣ ವ್ಯಂಜನ. ಅದು ಮಸುಕಾದರೆ ‘ಮಗ್ಗ’ ‘ಮಗ’ನಾಗುತ್ತದೆ, ‘ಕತ್ತೆ’ ‘ಕತೆ’ಯಾಗುತ್ತದೆ. ನೆಲಮಾಳಿಗೆಯನ್ನು ಮುಚ್ಚಿಬಿಟ್ಟು ಮನೆಯನ್ನು ಅಂದಗೊಳಿಸುವ ಸ್ವಾತಂತ್ರ್ಯ ಕನ್ನಡದ ಅಕ್ಷರಶಿಲ್ಪಿಗಿಲ್ಲ.

ಒತ್ತಿನ ವಿಷಯದಲ್ಲಿ ಶಿಲ್ಪಿಯ ಮುಂದೆ ಇರುವುದು ಇಕ್ಕಟ್ಟಿನ ಆಯ್ಕೆ. ಮೂಲಾಕ್ಷರವನ್ನು ಯಾಂತ್ರಿಕವಾಗಿ ಕುಗ್ಗಿಸಿ ಒತ್ತನ್ನು ಮಾಡಿದರೆ ಗೀಟೂ ಅದೇ ಪ್ರಮಾಣದಲ್ಲಿ ಕುಗ್ಗಿ, ದಪ್ಪ ಒಡಲಿನ ಕೆಳಗೆ ಬಡಕಲು ಒತ್ತು ನೇತಾಡುತ್ತದೆ. ಗೀಟನ್ನು ಮೂಲಾಕ್ಷರದಷ್ಟೇ ದಪ್ಪವಾಗಿ ಇಟ್ಟರೆ ಒತ್ತಿನ ಒಳಬಯಲು ಮುಚ್ಚಿ ಅದು ಮಸಿಯ ಚುಕ್ಕೆಯಾಗುತ್ತದೆ. ಎರಡರ ನಡುವಣ ದಾರಿಯನ್ನು ಪ್ರತಿಯೊಂದು ಒತ್ತಿಗೂ ಬೇರೆಬೇರೆಯಾಗಿ ಕಂಡುಕೊಳ್ಳಬೇಕು. ಗೀಟು ತುಸು ತೆಳುವಾಗಬೇಕು, ಆದರೆ ಕಣ್ಣಿಗೆ ಅದು ತೆಳುವೆಂದು ತೋರಬಾರದು. ಬಾಲೂ ತಮ್ಮ ಹಿಡಿದಿರುವುದು ಈ ಮಧ್ಯಮಮಾರ್ಗವನ್ನೇ. ಅದರ ಹೆಸರೇ ಇದಕ್ಕೆ ಪರೀಕ್ಷೆಯಾಗಿದೆ: ‘ತಮ್ಮ’ ಎಂಬಲ್ಲಿ ಮಕಾರದ ಒತ್ತು ಮೂಲ ಮಕಾರದ ಕುಗ್ಗಿದ ರೂಪವಲ್ಲ, ತನ್ನದೇ ಆಕಾರವುಳ್ಳದ್ದು. ಅದು ಒಡಲಿನ ಕೆಳಗೆ ಹೊರೆಯಂತೆ ತೂಗದೆ, ಅಣ್ಣನ ಪಕ್ಕದಲ್ಲಿ ನಿಂತ ತಮ್ಮನಂತೆ ನಿಂತಿದೆ. ಶೀರ್ಷಿಕಾಕ್ಷರವನ್ನು ಪರೀಕ್ಷಿಸುವವರು ‘ಅ’, ‘ಕ’ಗಳನ್ನು ನೋಡಿ ತೀರ್ಮಾನಿಸಬಾರದು, ಮೊದಲು ಒತ್ತನ್ನು ನೋಡಬೇಕು.

ಎರಡನೆಯ ಕಷ್ಟ ಅಕ್ಷರಗಳ ಪರಸ್ಪರ ಭೇದಕ್ಕೆ ಸಂಬಂಧಿಸಿದ್ದು. ಕನ್ನಡ ವರ್ಣಮಾಲೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಅನೇಕ ಕಡೆ ಬುಡದಲ್ಲಿರುವ ಒಂದು ಚಿಕ್ಕ ಗೀಟಿನಿಂದಲೇ ಉಂಟಾಗಿದೆ: ಪ–ಫ, ಡ–ಢ, ದ–ಧ, ಚ–ಛ. ರಕಾರಕ್ಕೂ ಠಕಾರಕ್ಕೂ ನಡುವೆ ಇರುವುದು ಒಂದು ಬಿಂದು. ಧಕಾರಕ್ಕೂ ಥಕಾರಕ್ಕೂ ನಡುವೆ ಇರುವುದೂ ಅದೇ. ‘ದನ’ ಮತ್ತು ‘ಧನ’ಗಳ ಭೇದ, ‘ಅರ್ಧ’ ಮತ್ತು ‘ಅರ್ಥ’ಗಳ ಭೇದ ಈ ಸೂಕ್ಷ್ಮರೇಖೆಗಳನ್ನು ಆಶ್ರಯಿಸಿವೆ. ‘ಅರ್ಧ ಬೆಲೆಗೆ ಮಾರಾಟ’ ಎಂಬ ಫಲಕದಲ್ಲಿ ಒಳಬಯಲು ಮಸಿಗಟ್ಟಿದರೆ ಗಿರಾಕಿ ಏನನ್ನು ಓದಬೇಕು? ದಪ್ಪಕ್ಷರ ತನ್ನ ತೂಕವನ್ನೆಲ್ಲ ಹೇರುವುದು ಇಂಥ ಸೂಕ್ಷ್ಮಸ್ಥಾನಗಳ ಮೇಲೆಯೇ. ಅತಿದಪ್ಪದ ರೂಪವನ್ನು ಚಿಕ್ಕ ಅಳತೆಯಲ್ಲಿ ಬಳಸಿದಾಗ ಬಾಲೂ ತಮ್ಮನಲ್ಲಿಯೂ ಬಿಂದುವುಳ್ಳ ಅಕ್ಷರಗಳು ಕಣ್ಣಿಗೆ ತೊಡಕಾಗುತ್ತವೆ. ದೊಡ್ಡ ಅಳತೆಯಲ್ಲಿ ಈ ದೋಷ ತೋರುವುದಿಲ್ಲ. ಶೀರ್ಷಿಕಾಕ್ಷರವನ್ನು ಶೀರ್ಷಿಕೆಗೆ ಮಾತ್ರ ಮೀಸಲಿಡಬೇಕೆಂಬ ಹಳೆಯ ಮುದ್ರಕರ ವಿವೇಕಕ್ಕೆ ಇದೇ ಸಮರ್ಥನೆ. ಐದು ಮಟ್ಟಗಳ ಹೊಸ ರೂಪ ಬಂದಮೇಲೆ ಉಪಶೀರ್ಷಿಕೆಗಳಿಗೆ ತೆಳುವಾದ ಮಟ್ಟವನ್ನು ಆಯುವ ಅವಕಾಶ ದೊರೆತಿರುವುದು ಸಮಾಧಾನದ ವಿಷಯ.

ಇನ್ನೊಂದು ಸಂಗತಿ. ರೋಮನ್ ಲಿಪಿಯಲ್ಲಿ ಒತ್ತಿ ಹೇಳುವುದಕ್ಕೆ ದೊಡ್ಡಕ್ಷರ, ಓರೆಯಕ್ಷರ, ದಪ್ಪಕ್ಷರ ಎಂಬ ಮೂರು ಉಪಾಯಗಳಿವೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಓರೆಯಕ್ಷರ ನಮ್ಮ ಬರಹದ ಸಂಪ್ರದಾಯದಿಂದ ಬಂದುದಲ್ಲ. ಉಳಿಯುವುದು ಅಳತೆ ಮತ್ತು ದಪ್ಪ. ಮೂವರು ಹೊರುವ ಹೊರೆಯನ್ನು ಇಲ್ಲಿ ದಪ್ಪಕ್ಷರ ಹೆಚ್ಚುಕಡಮೆ ಒಂಟಿಯಾಗಿ ಹೊರುತ್ತದೆ. ಆದುದರಿಂದ ಕನ್ನಡದಲ್ಲಿ ಒಳ್ಳೆಯ ದಪ್ಪಕ್ಷರ ಭೋಗದ ವಸ್ತುವಲ್ಲ, ಅವಶ್ಯಕತೆ.

೬

ಇಷ್ಟರಿಂದ ಬಾಲೂ ತಮ್ಮ ತನ್ನ ಮಟ್ಟಿಗೆ ಯಶಸ್ವಿಯಾದ ಕೃತಿ ಎಂಬುದು ವ್ಯಕ್ತವಾಗುತ್ತದೆ. ಆದರೆ ವಿಮರ್ಶೆ ಇಲ್ಲಿಗೆ ಮುಗಿಯುವುದಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಒಡವೆ ಎಷ್ಟೇ ಬೆಲೆಯುಳ್ಳದ್ದಾದರೂ ಸ್ಥಾನ ತಪ್ಪಿದರೆ ನಗೆಗೀಡು ಎಂಬುದು ಅವನ ವಿಚಾರದ ತಿರುಳು. ಕಾವ್ಯಕ್ಕೆ ಹೇಳಿದ ಈ ಮಾತು ಅಕ್ಷರಕ್ಕೂ ಸಲ್ಲುತ್ತದೆ.

ಇತ್ತೀಚಿನ ಚರಿತ್ರೆಯಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಕೊನೇರ್ ೧೯೯೪ರಲ್ಲಿ ‘ಕಾಮಿಕ್ ಸ್ಯಾನ್ಸ್’ ಎಂಬ ಅಕ್ಷರವನ್ನು ರಚಿಸಿದನು. ಚಿತ್ರಕಥೆಗಳ ಮಾತಿನ ಗುಳ್ಳೆಗಳಲ್ಲಿ ಬರುವ ಕೈಬರಹವೇ ಅದಕ್ಕೆ ಮಾದರಿ. ಗಣಕಯಂತ್ರಗಳೊಡನೆ ಉಚಿತವಾಗಿ ದೊರೆತುದರಿಂದ ಅದು ಎಲ್ಲೆಡೆ ಹಬ್ಬಿತು. ೨೦೧೨ರ ಜುಲೈ ೪ರಂದು ಜಿನೀವಾದ ಸೆರ್ನ್ ಸಂಶೋಧನಾಕೇಂದ್ರದಲ್ಲಿ ಹಿಗ್ಸ್ ಬೋಸಾನ್ ಎಂದು ಗುರುತಿಸಲಾದ ಕಣದ ಆವಿಷ್ಕಾರವನ್ನು ವಿಜ್ಞಾನಿಗಳು ಲೋಕಕ್ಕೆ ಸಾರಿದಾಗ ಒಂದು ತಂಡದ ನಿರೂಪಣೆಯ ಪುಟಗಳು ಇದೇ ಅಕ್ಷರದಲ್ಲಿದ್ದವು. ಆವಿಷ್ಕಾರದ ಸತ್ಯಕ್ಕೆ ಇದರಿಂದ ಕಿಂಚಿತ್ತೂ ಕುಂದು ಬರಲಿಲ್ಲ. ಆದರೂ ಎಷ್ಟೋ ಮಂದಿ ಕಣವನ್ನು ಬಿಟ್ಟು ಅಕ್ಷರವನ್ನು ಕುರಿತು ಮಾತನಾಡಿದರು. ಅಕ್ಷರವೂ ವಿಷಯವೂ ಎರಡು ದನಿಗಳಲ್ಲಿ ನುಡಿದಾಗ ಕೇಳುವವನ ಗಮನ ಒಡೆಯುತ್ತದೆ.

ಹಿಂದೆ ಹೇಳಿದ ಏಕವಚನದ ಮಾತನ್ನು ಇಲ್ಲಿ ಮತ್ತೆ ಎತ್ತಿಕೊಳ್ಳಬಹುದು. ಕನ್ನಡದಲ್ಲಿ ‘ನೀನು’ ಎಂಬುದು ತಪ್ಪು ಶಬ್ದವಲ್ಲ. ತಾಯಿಗೆ, ದೇವರಿಗೆ, ಗೆಳೆಯನಿಗೆ, ಮಗುವಿಗೆ ಅದೇ ಒಪ್ಪುವ ಶಬ್ದ. ಅಪರಿಚಿತನಾದ ಹಿರಿಯನಿಗೆ ಅದೇ ಶಬ್ದ ಅವಮಾನ. ಬಾಲೂ ತಮ್ಮ ಓದುಗನನ್ನು ‘ನೀನು’ ಎಂದು ಕರೆಯುವ ಅಕ್ಷರ. ಮಕ್ಕಳ ಪುಸ್ತಕದ ಹೊದಿಕೆಯಲ್ಲಿ, ಮಿಠಾಯಿಯ ಪೊಟ್ಟಣದಲ್ಲಿ, ಪ್ರಹಸನದ ಭಿತ್ತಿಪತ್ರದಲ್ಲಿ, ಕಾಲೇಜಿನ ಉತ್ಸವದ ತೋರಣದಲ್ಲಿ ಈ ಕರೆ ಪ್ರೀತಿಯದು. ಶ್ರದ್ಧಾಂಜಲಿಯ ಫಲಕದಲ್ಲಿ, ನ್ಯಾಯಾಲಯದ ಪ್ರಕಟನೆಯಲ್ಲಿ, ಆಸ್ಪತ್ರೆಯ ಎಚ್ಚರಿಕೆಯಲ್ಲಿ ಅದೇ ಕರೆ ಒಡ್ಡುತನ. ಸಾವಿನ ಮನೆಯಲ್ಲಿ ನಗೆಚಾಟಿಕೆ ಆಡಿದವನ ಮಾತಿನಲ್ಲಿ ವ್ಯಾಕರಣದೋಷ ಇರಬೇಕಾಗಿಲ್ಲ. ದೋಷ ಮಾತಿನಲ್ಲಿಲ್ಲ, ಸ್ಥಳದಲ್ಲಿದೆ.

ಈ ಎಚ್ಚರ ಕನ್ನಡಕ್ಕೆ ಹೆಚ್ಚು ಅಗತ್ಯವಾಗಿರುವುದಕ್ಕೆ ಕಾರಣವುಂಟು. ರೋಮನ್ ಲಿಪಿಯಲ್ಲಿ ಶೀರ್ಷಿಕಾಕ್ಷರಗಳ ಸಂಖ್ಯೆ ಅಪಾರ. ತಪ್ಪಾಗಿ ಆಯ್ದವನಿಗೆ ‘ಬೇರೆ ಇರಲಿಲ್ಲ’ ಎಂಬ ನೆಪ ದೊರೆಯದು. ಕನ್ನಡದಲ್ಲಿ ಬೆಲೆಯಿಲ್ಲದೆ ದೊರೆತು, ಒತ್ತುಗಳೆಲ್ಲ ಸರಿಯಾಗಿ ಕೂಡಿ, ದಪ್ಪವಾಗಿಯೂ ಇರುವ ಅಕ್ಷರಗಳು ಕೆಲವೇ. ಇಂಥ ಬಡತನದಲ್ಲಿ ಒಳ್ಳೆಯ ಅಕ್ಷರವೊಂದು ಬಂದೊಡನೆ ಅದು ಎಲ್ಲ ಕೆಲಸಕ್ಕೂ ನೇಮಕವಾಗುತ್ತದೆ. ಮನೆಯಲ್ಲಿ ದುಡಿಯುವವನು ಒಬ್ಬನೇ ಆದರೆ ಮದುವೆಗೂ ಅವನೇ, ತಿಥಿಗೂ ಅವನೇ. ತಪ್ಪು ಅವನದಲ್ಲ.

೨೦೨೪ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ಕರ್ನಾಟಕದ ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇಕಡ ೬೦ರಷ್ಟು ಕನ್ನಡವಿರಬೇಕೆಂದು ವಿಧಿಸಲಾಯಿತು. ಫಲಕದ ಎಷ್ಟು ಭಾಗ ಕನ್ನಡಕ್ಕೆ ಸಲ್ಲಬೇಕೆಂಬುದನ್ನು ಶಾಸನ ಹೇಳಬಲ್ಲದು. ಆ ಭಾಗದಲ್ಲಿ ಕನ್ನಡ ಯಾವ ದನಿಯಲ್ಲಿ ನುಡಿಯಬೇಕೆಂಬುದನ್ನು ಹೇಳಲಾರದು. ಒಡವೆಯ ಅಂಗಡಿ, ಔಷಧಾಲಯ, ಪುಸ್ತಕಭಂಡಾರ, ಹೋಟೆಲು—ಇವುಗಳ ರೋಮನ್ ಹೆಸರುಗಳು ನಾಲ್ಕು ಬಗೆಯ ಅಕ್ಷರಗಳಲ್ಲಿದ್ದು, ಕನ್ನಡದ ಹೆಸರುಗಳೆಲ್ಲ ಒಂದೇ ಬಗೆಯಲ್ಲಿದ್ದರೆ, ಅಳತೆಯಲ್ಲಿ ಗೆದ್ದ ಕನ್ನಡ ಅಭಿವ್ಯಕ್ತಿಯಲ್ಲಿ ಸೋತಂತಾಗುತ್ತದೆ. ಗಂಭೀರವಾದುದನ್ನೂ ಲಲಿತವಾದುದನ್ನೂ ಒಂದೇ ದನಿಯಲ್ಲಿ ಹೇಳುವ ಭಾಷೆ ಕ್ರಮೇಣ ಎರಡನ್ನೂ ಹೇಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

೭

ಕೈಬರಹದ ಕಾಲದಲ್ಲಿ ಈ ಸಮಸ್ಯೆಯ ಸ್ವರೂಪ ಬೇರೆಯಾಗಿತ್ತು. ಹಳೆಯ ಕಾದಂಬರಿಗಳ ಹೊದಿಕೆಗಳಲ್ಲಿಯೂ ಚಲನಚಿತ್ರಗಳ ಭಿತ್ತಿಪತ್ರಗಳಲ್ಲಿಯೂ ಕಲಾವಿದರು ಹೆಸರನ್ನು ಆಯಾ ಕೃತಿಗೆ ಹೊಸದಾಗಿ ಬರೆಯುತ್ತಿದ್ದರು. ಎರಡು ‘ಮ’ಕಾರಗಳು ಒಂದೇ ಹೆಸರಿನಲ್ಲಿ ಬಂದರೂ ಎರಡೂ ಒಂದೇ ಅಚ್ಚಿನವಾಗಿರುತ್ತಿರಲಿಲ್ಲ. ಫಾಂಟಿನಲ್ಲಿ ಪ್ರತಿಯೊಂದು ‘ಮ’ವೂ ಇನ್ನೊಂದರ ಪಡಿಯಚ್ಚು. ಗಂಭೀರವಾದ ಅಕ್ಷರಕ್ಕೆ ಪುನರಾವೃತ್ತಿಯಿಂದ ಹಾನಿಯಿಲ್ಲ; ವಿನೋದಕ್ಕೆ ಹಾನಿಯುಂಟು. ಒಂದೇ ಚಾಟೋಕ್ತಿಯನ್ನು ಹತ್ತು ಸಲ ಕೇಳಿದರೆ ಯಾರಿಗೆ ನಗು ಬಂದೀತು? ಆದಕಾರಣ ಬಾಲೂ ತಮ್ಮನಿಗೆ ಚಿಕ್ಕ ಮಾತು ಒಪ್ಪುತ್ತದೆ: ಒಂದು ಹೆಸರು, ಒಂದು ಕರೆ, ಹೆಚ್ಚೆಂದರೆ ಒಂದು ಸಾಲು. ಪ್ಯಾರಾಗಳನ್ನು ಅದರಲ್ಲಿ ಜೋಡಿಸುವುದು ಅಕ್ಷರಕ್ಕೂ ಓದುಗನಿಗೂ ಮಾಡುವ ಅನ್ಯಾಯ.

ಬಳಸುವವರು ಗಮನಿಸಬೇಕಾದ ಕೆಲವು ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲದಂತೆ ಎಡೆ ಬಿಡಬೇಕು. ಈ ಕುಟುಂಬದ ಸಾಲುಗಳಿಗೆ ಶಿಲ್ಪಿಗಳೇ ಧಾರಾಳವಾದ ಎಡೆಯನ್ನು ಕೊಟ್ಟಿದ್ದಾರೆ; ಸ್ಥಳ ಉಳಿಸುವ ಆತುರದಿಂದ ಅದನ್ನು ಕಸಿಯಬಾರದು. ಅಗಲ ಸಾಲದೆ ಬಂದಾಗ ಅಕ್ಷರವನ್ನು ಅಡ್ಡಲಾಗಿ ಹಿಂಡಬಾರದು. ಹಿಂಡಿದಾಗ ನಿಂತ ಗೀಟು ಸೊರಗಿ, ಮಲಗಿದ ಗೀಟು ಹಾಗೆಯೇ ಉಳಿದು, ಪ್ರಮಾಣ ಕೆಡುತ್ತದೆ. ಮೊದಲೇ ದಪ್ಪವಾಗಿರುವ ಅಕ್ಷರಕ್ಕೆ ಸುತ್ತಲೂ ಅಂಚುಗೀಟು ಎಳೆದು ಇನ್ನೂ ದಪ್ಪ ಮಾಡುವ ಚಾಳಿಯಂತೂ ಸರ್ವಥಾ ವರ್ಜ್ಯ. ಶಿಲ್ಪಿ ಕಷ್ಟಪಟ್ಟು ಉಳಿಸಿದ ಬಿಳುಪನ್ನು ಅದು ನುಂಗಿಹಾಕುತ್ತದೆ. ಪಠ್ಯಕ್ಕೆ ಶಾಂತವಾದ ಬೇರೊಂದು ಅಕ್ಷರವನ್ನು ಜೊತೆಮಾಡಿದಾಗ ತಮ್ಮನ ಆಟ ಹೆಚ್ಚು ಕಳೆಗಟ್ಟುತ್ತದೆ.

ಉಳಿದ ಕೆಲಸ ಅಕ್ಷರಶಿಲ್ಪಿಗಳದು ಮಾತ್ರವಲ್ಲ, ನಮ್ಮದೂ ಹೌದು. ಇದೇ ಬಳಗ ೨೦೨೨ರಲ್ಲಿ ‘ಅನೇಕ್’ ಎಂಬ ಕುಟುಂಬವನ್ನು, ಕನ್ನಡವನ್ನೂ ಒಳಗೊಂಡಂತೆ, ಹಲವು ದಪ್ಪಗಳಲ್ಲಿ ಹಲವು ಅಗಲಗಳಲ್ಲಿ ಪ್ರಕಟಿಸಿತು. ಗಂಭೀರ ಪಠ್ಯಕ್ಕೆ ‘ಟೈರೋ ಕನ್ನಡ’, ಅಲಂಕಾರಕ್ಕೆ ‘ಅಕಾಯ ಕನ್ನಡಕ’ ಮೊದಲಾದವೂ ದೊರೆಯುತ್ತವೆ. ದನಿಗಳು ಒಂದೊಂದಾಗಿ ಕೂಡಿಬರುತ್ತಿವೆ. ಆದರೆ ಯಾವ ದನಿ ಎಲ್ಲಿಗೆ ಎಂಬ ವಿವೇಚನೆಯನ್ನು ಯಾವ ಫಾಂಟೂ ಹೊತ್ತು ತರುವುದಿಲ್ಲ. ಕನ್ನಡ ತರಗತಿಯಲ್ಲಿ ‘ನೀನು’, ‘ನೀವು’, ‘ತಾವು’ಗಳ ಪ್ರಯೋಗವನ್ನು ಕಲಿಸುವ ನಾವು, ಕಾಲೇಜಿನ ಒಂದು ಪ್ರಕಟನೆಯ ಹಾಳೆಯನ್ನು ಗೋಡೆಗೆ ಹಚ್ಚುವಾಗಲೂ ಅದೇ ವಿವೇಚನೆಯನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡಬಹುದು. ತಮ್ಮನಿಗೆ ಆಡಲು ಅಂಗಳವಿರಲಿ. ಹಿರಿಯರು ಮಾತನಾಡಬೇಕಾದ ಚಾವಡಿಗೆ ಹಿರಿಯ ಅಕ್ಷರಗಳು ಬರಲಿ. ಹಾಗಾದಾಗ ಮಾತ್ರ ಬಾಲೂ ತಮ್ಮನ ನಗು ನಗುವಾಗಿ ಕೇಳಿಸೀತು.